ಮಗ್ಗುಲು ಬದಲಿಸುವುದೂ ಚಿಕಿತ್ಸೆಯೇ

1944ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತವರು ಡಾ. ಲುಡ್ವಿಗ್ ಗುಟ್‌ಮನ್. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ನರವೈದ್ಯರು ಅವರು. ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರು ಹೆಚ್ಚು ದಿನ ಬದುಕುವುದಿಲ್ಲ ಎಂದೇ ಆಗಿನ ವೈದ್ಯರು ನಂಬಿದ್ದರು. ಮಲಗಿದಲ್ಲೇ ಆಗುವ ಬೆನ್ನುಹುಣ್ಣು ಮತ್ತು ಮೂತ್ರದ ಸೋಂಕು ಅವರನ್ನು ಬಲಿ ತೆಗೆದುಕೊಳ್ಳುತ್ತಿದ್ದವು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಿಸಲೇಬೇಕು ಎಂದು ಗುಟ್‌ಮನ್ ಕಟ್ಟುನಿಟ್ಟು ಮಾಡಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಅಂಥ ರೋಗಿಗಳು ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಬಾಣದ ಸ್ಪರ್ಧೆಗೆ ಇಳಿದರು. ಪ್ಯಾರಾಲಿಂಪಿಕ್ಸ್ ಬೆಳೆದು ಬಂದದ್ದು ಅಲ್ಲಿಂದ.

ಇವತ್ತಿಗೂ ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು, ಐಸಿಯುನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರು ಎಲ್ಲದಕ್ಕೂ ಇನ್ನೊಬ್ಬರ ಕೈಯನ್ನೇ ನಂಬಿರುತ್ತಾರೆ. ಇವರನ್ನು ಎರಡು ಬಗೆಯ ಅಪಾಯ ಕಾಡುತ್ತದೆ. ಒಂದು, ಅವರನ್ನು ಆಸ್ಪತ್ರೆಗೆ ತಂದ ಕಾಯಿಲೆ. ಇನ್ನೊಂದು, ಅಲುಗಾಡದೆ ಮಲಗಿದ್ದರಿಂದಲೇ ಹುಟ್ಟುವಂಥವು: ಬೆಡ್‌ಸೋರ್, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ, ಸೆಟೆದುಕೊಳ್ಳುವ ಕೀಲು. ಈ ಎರಡನೆಯ ಪಟ್ಟಿಯಲ್ಲಿ ಬಹಳಷ್ಟನ್ನು ತಡೆಯಬಹುದು. ಆದರೆ ಯಾರಿಗೆ ಯಾವ ಅಪಾಯ ಹೆಚ್ಚು ಎಂಬುದು ದಾಖಲಾದ ದಿನವೇ ಗೊತ್ತಾಗಬೇಕು.

ಬೆಡ್‌ಸೋರ್ ಮಟ್ಟಿಗೆ ಅದಕ್ಕೆ ಅಳತೆಗೋಲುಗಳಿವೆ. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ 1962ರಲ್ಲಿ ಐದು ಪ್ರಶ್ನೆಗಳ ಪಟ್ಟಿಯೊಂದನ್ನು ಕೊಟ್ಟರು. ರೋಗಿಯ ದೇಹಸ್ಥಿತಿ ಹೇಗಿದೆ, ಎಚ್ಚರವಿದೆಯೇ, ಎದ್ದು ಓಡಾಡುತ್ತಾರೆಯೇ, ಮಲಗಿದಲ್ಲೇ ಹೊರಳಬಲ್ಲರೇ, ಮಲಮೂತ್ರದ ಹಿಡಿತವಿದೆಯೇ? ಒಂದೊಂದಕ್ಕೂ ನಾಲ್ಕರವರೆಗೆ ಅಂಕ. ಒಟ್ಟು 20ರಲ್ಲಿ 14 ಅಥವಾ ಕಡಿಮೆ ಬಂದರೆ ಹುಣ್ಣಾಗುವ ಸಂಭವ ಹೆಚ್ಚು. 1987ರಲ್ಲಿ ಅಮೆರಿಕದಲ್ಲಿ ಬಂದ ಬ್ರೇಡನ್ ಮಾಪಕ ಊಟ, ಚರ್ಮದ ತೇವ, ಹಾಸಿಗೆಗೆ ಮೈ ಉಜ್ಜುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇವತ್ತು ನಮ್ಮ ದೊಡ್ಡ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ಹೆಚ್ಚಾಗಿ ಕಾಣುವುದು ಅದೇ. ಬರೀ ಅಂಕ ಬರೆದಿಟ್ಟರೆ ಏನೂ ಆಗದು. ಅಂಕ ಇಳಿದ ಕೂಡಲೇ ಯಾರು, ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಬೇಕು ಎಂಬುದೂ ಅದರ ಪಕ್ಕದಲ್ಲೇ ಬರಬೇಕು.

ಮಾಪಕದಲ್ಲಿ ಸುಲಭವಾಗಿ ತಪ್ಪಿಹೋಗುವ ಸಂಗತಿಯೊಂದಿದೆ. ಹುಣ್ಣಿನ ಮೊದಲ ಲಕ್ಷಣ ಕೆಂಪಾದ ಚರ್ಮ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಎಂದು ಪುಸ್ತಕಗಳು ಹೇಳುತ್ತವೆ. ಎಣ್ಣೆಗೆಂಪು, ಕಪ್ಪು ಮೈಬಣ್ಣದ ನಮ್ಮವರಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಇಲ್ಲಿ ಕಣ್ಣಿಗಿಂತ ಕೈಯನ್ನು ನಂಬಬೇಕು. ಟೊಂಕದ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ತಲೆಯ ಹಿಂಭಾಗವನ್ನು ಅಂಗೈ ಹಿಂಬದಿಯಿಂದ ಮುಟ್ಟಿ ಸುತ್ತಲಿನ ಚರ್ಮದ ಜೊತೆ ಹೋಲಿಸಬೇಕು. ಅಲ್ಲಿ ಮಾತ್ರ ಬಿಸಿಯಿದೆಯೇ? ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ? ಬಣ್ಣ ನೇರಳೆಗೆ ತಿರುಗಿದೆಯೇ? ಮುಟ್ಟಿದರೆ ನೋವೆನ್ನುತ್ತಾರೆಯೇ? ಮೇಲ್ಚರ್ಮ ಕಿತ್ತುಬರುವ ಹೊತ್ತಿಗೆ ಒಳಗೆ, ಮೂಳೆಯ ಬಳಿ, ಮಾಂಸ ಆಗಲೇ ಸತ್ತಿರಬಹುದು.

ವಾರ್ಡುಗಳಲ್ಲಿ ಬೇರೂರಿದ ಕೆಲವು ರೂಢಿಗಳನ್ನು ಇನ್ನಾದರೂ ಬಿಡಬೇಕು. ಟೊಂಕದ ಕೆಳಗಿಡುವ ಗಾಳಿ ತುಂಬಿದ ಉಂಗುರ ತನ್ನ ಅಂಚಿನಲ್ಲಿ ರಕ್ತದ ಹರಿವನ್ನೇ ತಡೆಯುತ್ತದೆ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್ ಇಡುವುದರ ಬದಲು ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಸುವುದೇ ಸರಿ. ಕಂದಿದ ಜಾಗವನ್ನು ತಿಕ್ಕಿ ಮಸಾಜ್ ಮಾಡಬಾರದು. ಏರ್‌ಬೆಡ್ ತಂದೆವೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸಲೂಬಾರದು.

ಒಂದನ್ನು ತಡೆಯಲು ಹೋದರೆ ಇನ್ನೊಂದು ಬಂದೀತು ಎಂಬ ಇಕ್ಕಟ್ಟೂ ಇದೆ. ಟ್ಯೂಬಿನಲ್ಲಿ ಗಂಜಿ ಕೊಡುವಾಗ ಅದು ಶ್ವಾಸಕೋಶಕ್ಕೆ ಇಳಿಯದಿರಲು ತಲೆಯ ಭಾಗವನ್ನು 30 ಡಿಗ್ರಿಗಿಂತ ಮೇಲೆತ್ತಬೇಕು. ಎತ್ತಿದರೆ ಮೈ ನಿಧಾನಕ್ಕೆ ಕೆಳಗೆ ಜಾರುತ್ತದೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಮೂಳೆ ಜಾರುತ್ತದೆ, ನಡುವಿನ ರಕ್ತನಾಳಗಳು ಎಳೆತಕ್ಕೆ ಸಿಕ್ಕಿ ಹರಿಯುತ್ತವೆ. ಅದಕ್ಕೇ ಅನುಭವಿ ಸಿಸ್ಟರ್‌ಗಳು ಮೊದಲು ಮೊಣಕಾಲಿನ ಭಾಗವನ್ನು ತುಸು ಮೇಲೆತ್ತಿ ಆಮೇಲೆ ತಲೆಯ ಕಡೆಗೆ ಹೋಗುತ್ತಾರೆ. ಜಾರಿದವರನ್ನು ರಟ್ಟೆ ಹಿಡಿದು ಎಳೆಯದೆ, ಇಬ್ಬರು ಸೇರಿ ಹಾಸಿದ ಬಟ್ಟೆಯ ಸಮೇತ ಎತ್ತಿ ಸರಿಸುತ್ತಾರೆ.

ಹೊತ್ತಿಗೆ ಸರಿಯಾಗಿ ತಪಾಸಣೆ ಮಾಡಿದರೆ ಎಷ್ಟು ಫಲ ಸಿಕ್ಕೀತು ಎಂಬುದಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಉದಾಹರಣೆ ಸಾಕು. ಅಲ್ಲಿನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಅಧ್ಯಯನದಲ್ಲಿ, ಅರ್ಧದಷ್ಟು ಕಡೆ ನರ್ಸ್‌ಗಳು ಮೂರು ವಿಷಯಗಳ ಮೇಲೆ ಕಣ್ಣಿಟ್ಟರು: ಜ್ವರ, ಸಕ್ಕರೆ, ನುಂಗುವ ಶಕ್ತಿ. ತೊಂಬತ್ತು ದಿನಗಳ ನಂತರ ಸತ್ತವರ ಅಥವಾ ಪರಾವಲಂಬಿಗಳಾಗಿಯೇ ಉಳಿದವರ ಪ್ರಮಾಣ ಅಲ್ಲಿ ಶೇ 42. ಉಳಿದ ಘಟಕಗಳಲ್ಲಿ ಶೇ 58. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಈ ಫಲಿತಾಂಶ ಪ್ರಕಟಿಸಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ನುಂಗಬಲ್ಲರೇ ಎಂದು ಪರೀಕ್ಷಿಸುವ ಮೊದಲು ಲಕ್ವದ ರೋಗಿಯ ಬಾಯಿಗೆ ಏನನ್ನೂ ಹಾಕಬಾರದು ಎಂಬ ನಿಯಮ ಅದರಲ್ಲಿ ಮುಖ್ಯ. ನಮ್ಮಲ್ಲಿ ಪ್ರೀತಿಯಿಂದ ಹನಿಸುವ ಎಳನೀರೇ ಕೆಲವೊಮ್ಮೆ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ.

ಸರ್ಕಾರಿ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಎಷ್ಟೋ ಹಾಸಿಗೆ ನೋಡಬೇಕು. ರೋಗಿಯನ್ನು ನಿಜವಾಗಿ ಹೊರಳಿಸುವವರು, ಒರೆಸುವವರು, ಉಣಿಸುವವರು ಮಂಚದ ಪಕ್ಕ ಚಾಪೆ ಹಾಸಿಕೊಂಡ ಮಗಳೋ ಹೆಂಡತಿಯೋ ಆಗಿರುತ್ತಾರೆ. ಅವರಿಗೆ ಕಲಿಸದೆ ಬೇರೆ ದಾರಿಯಿಲ್ಲ. ನೂರಾ ಹೆಲ್ತ್ ಸಂಸ್ಥೆ ನಾರಾಯಣ ಹೆಲ್ತ್ ಆಸ್ಪತ್ರೆಗಳ ಜೊತೆಗೂಡಿ, ರೋಗಿಯ ಕಡೆಯವರಿಗೆ ಆಸ್ಪತ್ರೆಯಲ್ಲೇ ಆರೈಕೆಯ ತರಬೇತಿ ಕೊಡುವ ಕೆಲಸ ಆರಂಭಿಸಿತು. ಮುಂದೆ ಅದು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂತು. ಹಾಸಿಗೆ ಹಿಡಿದವರ ಆರೈಕೆಗೂ ಇಂಥದೇ ಪಾಠ ಪ್ರತಿ ವಾರ್ಡಿನಲ್ಲಿ ನಡೆಯಬೇಕು. ಅದನ್ನು ಕೆಲಸದ ಹೊರೆ ಎಂದುಕೊಳ್ಳದೆ ಚಿಕಿತ್ಸೆಯ ಭಾಗ ಎಂದೇ ಬರೆದಿಡಬೇಕು.

ನಿಮ್ಮವರು ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದ್ದರೆ ಸಿಸ್ಟರ್ ಹತ್ತಿರ ನಾಲ್ಕು ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಕೊನೆಯ ಬಾರಿ ಮಗ್ಗುಲು ಬದಲಿಸಿದ್ದು ಎಷ್ಟು ಹೊತ್ತಿಗೆ? ಬೆನ್ನು, ಹಿಮ್ಮಡಿ ಇವತ್ತು ಯಾರು ನೋಡಿದರು? ಬಾಯಿಗೆ ಏನಾದರೂ ಕೊಡಬಹುದೇ? ಮೂತ್ರದ ಕ್ಯಾತಿಟರ್ ಇನ್ನೂ ಬೇಕೇ, ಇವತ್ತೇ ತೆಗೆಯಬಹುದೇ?