ಅಟ್ಟದ ಬಚ್ಚಲಿಗೆ ಷವರ್: ಎರಡು ‘ಹೆಡ್’ಗಳ ಲೆಕ್ಕ

ಸೆಮಿಸ್ಟರ್ ರಜೆಗೆ ಊರಿಗೆ ಹೋದ ಸಿವಿಲ್, ಮೆಕ್ಯಾನಿಕಲ್ ಹುಡುಗರಿಗೆ ಮನೆಯವರು ಕೇಳೋ ಪ್ರಶ್ನೆ ಒಂದಿರ್ತದೆ: “ಅಟ್ಟದ ಮ್ಯಾಲಿನ ಬಚ್ಚಲಕ್ಕ ಷವರ್ ಹಾಕಾಕ ಬರ್ತದೇನು?” ಹಾಕಬಹುದು. ಆದರೆ ಮೊದಲು ಲೆಕ್ಕ ಮಾಡೋಣ.

ರಾಮದುರ್ಗ ತಾಲ್ಲೂಕಿನ ಕಟಕೋಳದ ಕಡೆಯ ಹಳೇ ಮಾಳಿಗೆ ಮನೆ ನೆನಪಿಸಿಕೊಳ್ಳಿ. ದಪ್ಪ ಗೋಡೆ, ಮರದ ತೊಲೆ-ಜಂತಿ, ಅದರ ಮೇಲೆ ಮಣ್ಣಿನ ಹೊದಿಕೆ. ಅಟ್ಟ ಇದ್ದದ್ದು ಕಾಳುಕಡಿ ಇಡೋಕೆ, ನಿಂತು ಸ್ನಾನ ಮಾಡೋಕಲ್ಲ. ಬಚ್ಚಲಿಗೆ ಕನಿಷ್ಠ 2.1 ಮೀಟರ್ ಎತ್ತರ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳ್ತದೆ. ಹೊಸದಾಗಿ ಕಟ್ಟೋದಾದರೆ ಅಷ್ಟು ಎತ್ತರ ಸಿಗೋ ಜಾಗವನ್ನೇ ಹುಡುಕಿ. ಆಗಲೇ ಇರೋ ಬಚ್ಚಲು 2 ಮೀಟರ್ ಮಾತ್ರ ಇದ್ದರೆ ಏನು ಮಾಡೋದು?

ನೀರಿಗೂ ತಲೆ ಇದೆ

ಎಲ್ಲರೂ ನೋಡೋದು ನಮ್ಮ ತಲೆಗೆ ಜಾಗ ಇದೆಯಾ ಅಂತ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಇನ್ನೊಂದು ‘ಹೆಡ್’ ಮರೀತೇವೆ: ಷವರ್‌ನಿಂದ ಟ್ಯಾಂಕಿನ ನೀರಿನ ಮಟ್ಟದವರೆಗಿನ ಎತ್ತರ. 1 ಮೀಟರ್ ಹೆಡ್‌ಗೆ ಸಿಗೋ ಒತ್ತಡ ಸುಮಾರು 0.1 ಬಾರ್ ಅಷ್ಟೇ. ಹಲವು ಷವರ್‌ಗಳು ಚೆನ್ನಾಗಿ ಸುರಿಯೋಕೆ 0.5 ಬಾರ್ ಆದರೂ ಬೇಕು. ಅಟ್ಟದಲ್ಲಿ ಟ್ಯಾಂಕೂ ಷವರೂ ಹತ್ತಿರ ಹತ್ತಿರ. ಅದಕ್ಕೇ ಕೆಳಮನೆಯಲ್ಲಿ ಜೋರಾಗಿ ಬರೋ ನೀರು ಮೇಲೆ ತೊಟ್ಟಿಕ್ಕುತ್ತದೆ.

ಹಾಗಂತ ಟ್ಯಾಂಕನ್ನು ಮಾಳಿಗೆ ಮೇಲೇ ಎತ್ತಿಡೋದು ಅಪಾಯ. ಒಂದು ಅಡಿ ದಪ್ಪ ಮಣ್ಣು ಅಂದರೆ ಚದರ ಮೀಟರಿಗೆ ಸುಮಾರು 500 ಕಿಲೋ. ಆ ಭಾರ ಹೊತ್ತ ಹಳೇ ಜಂತಿಯ ಮೇಲೆ 500 ಲೀಟರ್ ಟ್ಯಾಂಕ್ ಇಟ್ಟರೆ ಇನ್ನೊಂದು 500 ಕಿಲೋ. ಟ್ಯಾಂಕಿಗೆ ನೆಲದಿಂದಲೇ ಎದ್ದ ಬೇರೆ ಸ್ಟ್ಯಾಂಡ್ ಬೇಕು.

ಷವರ್ ಕೆಳಗಿಳಿಸಿ

ಸುಲಭದ ದಾರಿ ಇದು. ನಮ್ಮ ಹಿರಿಯರು ಬಚ್ಚಲಲ್ಲಿ ಮಣೆ ಮೇಲೆ ಕೂತು, ಹಂಡೆ ನೀರನ್ನ ತಂಬಿಗೆಯಿಂದ ಹಾಕ್ಕೊಳ್ತಿದ್ದರು. ಕೂತವರಿಗೆ ಛಾವಣಿ ಎತ್ತರದ ಚಿಂತೆ ಇಲ್ಲ. ಹಾಗೇ ಗೋಡೆಗೆ ಜಾರುವ ಕಂಬಿ ಹಾಕಿ ಹ್ಯಾಂಡ್ ಷವರ್ ಕೂರಿಸಿ, ಕೆಳಗೆ 45 ಸೆಂ.ಮೀ. ಎತ್ತರದ ಕಟ್ಟೆ ಮಾಡಿ.

ಬಚ್ಚಲ ನೆಲದಿಂದ ನೀರಿನ ಮಟ್ಟ 2.5 ಮೀಟರ್ ಅಂತ ಇಟ್ಟುಕೊಳ್ಳಿ. ಷವರ್ 1.9 ಮೀಟರಿನಲ್ಲಿದ್ದರೆ ಹೆಡ್ 0.6 ಮೀಟರ್. 1.1 ಮೀಟರಿಗೆ ಇಳಿಸಿದರೆ ಹೆಡ್ 1.4. ಹರಿವು ಹೆಡ್‌ನ ವರ್ಗಮೂಲದಂತೆ ಏರ್ತದೆ, ಅಂದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ನೀರು! ಒಂದೇ ಬದಲಾವಣೆಗೆ ಎರಡೂ ತಲೆಯ ಸಮಸ್ಯೆ ಹಗುರಾಯ್ತು. ಜೊತೆಗೆ 15 ಮಿ.ಮೀ. ಬದಲು 20 ಮಿ.ಮೀ. ಒಳವ್ಯಾಸದ ಪೈಪ್ ಹಾಕಿದರೆ, ಅದೇ ಹರಿವಿಗೆ ಘರ್ಷಣೆಯ ನಷ್ಟ ಕಾಲು ಭಾಗಕ್ಕೆ ಇಳೀತದೆ. ಬೋರ್‌ವೆಲ್‌ನ ಗಡಸು ನೀರಾದರೆ ದೊಡ್ಡ ತೂತಿನ, ಉಜ್ಜಿ ತೊಳೆಯೋಕೆ ಬರೋ ಷವರ್ ಮುಖವೇ ಸರಿ.

ನೆಲ ಏರಿಸಬೇಡಿ

ನೀರು ಹೋಗೋ ಟ್ರ್ಯಾಪ್‌ನಲ್ಲಿ 50 ಮಿ.ಮೀ. ನೀರು ನಿಲ್ಲಬೇಕು, ಇಲ್ಲಾಂದ್ರೆ ವಾಸನೆ ಮೇಲೆ ಬರ್ತದೆ. ಆ ಟ್ರ್ಯಾಪನ್ನು ಮುಚ್ಚೋಕೆ ನೆಲವನ್ನೇ ಎತ್ತರಿಸಿದರೆ, ಇರೋ ಎತ್ತರದಲ್ಲಿ 15-20 ಸೆಂ.ಮೀ. ಹೋಯ್ತು. ಬಚ್ಚಲನ್ನು ಹೊರಗೋಡೆಗೆ ಅಂಟಿಸಿ, ಪೈಪನ್ನು ಗೋಡೆಯ ಮೂಲಕ ಆಚೆ ಒಯ್ದು ಟ್ರ್ಯಾಪ್ ಅಲ್ಲೇ ಕೊಡಿ. ನೆಲದ ಇಳಿಜಾರು ಮೀಟರಿಗೆ ಸುಮಾರು 1 ಸೆಂ.ಮೀ. ಇರಲಿ. ವಾಟರ್‌ಪ್ರೂಫಿಂಗ್‌ಗೆ ಮಾತ್ರ ಜಿಪುಣತನ ಬೇಡ: ಸೋರಿದ ನೀರು ಮೊದಲು ಹೋಗೋದು ಮರದ ತೊಲೆಗೆ, ಆಮೇಲೆ ಗೆದ್ದಲು ಬರ್ತದೆ. ಹಬೆ ಹೊರಗೆ ಹೋಗೋಕೆ ಕಿಟಕಿಯೂ ಬೇಕು.

ಕೊನೆಗೆ ಕರೆಂಟ್

ಛಾವಣಿ ಕೆಳಗಿದ್ದರೆ ಬಲ್ಬ್ ಒದ್ದೆ ಕೈಗೆ ಸಿಗ್ತದೆ. ಹೋಲ್ಡರ್ ಬಲ್ಬ್ ಬೇಡ, ನೀರು ಒಳಗೆ ಹೋಗದ ಮುಚ್ಚಿದ ದೀಪವನ್ನು ಷವರ್‌ನಿಂದ ದೂರ ಹಾಕಿ. ಸ್ವಿಚ್ ಬಾಗಿಲ ಹೊರಗೆ ಇರಲಿ. ಗೀಸರ್ ಲೈನಿಗೆ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯ. ಷವರ್ ನೀರು ಸಣ್ಣಗೆ ಬಂದರೆ ತಂಬಿಗೆ ಇದೆ; ಶಾಕ್ ಹೊಡೆದರೆ ಎರಡನೇ ಅವಕಾಶ ಸಿಗದೇ ಇರಬಹುದು.