ಸಮ್ಮಿಶ್ರ ಸರ್ಕಾರದ ಕೂಡು-ಕಳೆ ಲೆಕ್ಕ

2018ರ ಮೇ ತಿಂಗಳಲ್ಲಿ ರಾಜ್ಯದ 222 ಕ್ಷೇತ್ರಗಳಲ್ಲಿ ಮತದಾನ ನಡೆದಾಗ ಬಹುಮತಕ್ಕೆ 112 ಸ್ಥಾನ ಬೇಕಿತ್ತು. ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ದಕ್ಕಿದವು. ಒಂಟಿಯಾಗಿ ಯಾರಿಗೂ ಸಾಲದು. 78ಕ್ಕೆ 37 ಕೂಡಿದರೆ 115! ಹೀಗೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 34 ಸಚಿವ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12 ಎಂದು ಹಂಚಿಕೆಯಾಯಿತು.

ಕೂಡಿದ್ದು ಕಳೆಯಲೂಬಹುದು. 2019ರ ಜುಲೈನಲ್ಲಿ ಹಿರೇಕೆರೂರಿನ ಕಾಂಗ್ರೆಸ್ ಶಾಸಕ ಬಿ.ಸಿ. ಪಾಟೀಲ ಸೇರಿದಂತೆ ಹಲವರು ರಾಜೀನಾಮೆ ಕೊಟ್ಟರು. ವಿಶ್ವಾಸಮತದಲ್ಲಿ 99–105ರಿಂದ ಸರ್ಕಾರ ಬಿತ್ತು. ಅನರ್ಹಗೊಂಡ ಪಾಟೀಲರು ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು, 2020ರಲ್ಲಿ ಕೃಷಿ ಸಚಿವರಾದರು. 2023ರಲ್ಲಿ ಅದೇ ಕ್ಷೇತ್ರದ ಜನ ಅವರನ್ನು ಸೋಲಿಸಿದರು.

ಕೂಡುವವರು, ಕಳೆಯುವವರು ನಾಯಕರೇ ಇರಬಹುದು. ಆದರೆ ಉತ್ತರ ತಾಳೆ ನೋಡುವವನು ಮತದಾರ. ಹದಿನೆಂಟು ತುಂಬಲಿರುವ ಮಕ್ಕಳು ಈ ಲೆಕ್ಕವನ್ನು ಈಗಲೇ ಕಲಿಯುವುದು ಒಳಿತು.