ತುಂಗಭದ್ರೆಯ ಈಚೆ ದಂಡೆ, ಆಚೆ ದಂಡೆ

ಹುಬ್ಬಳ್ಳಿಯಿಂದ ಪಿ.ಬಿ. ರಸ್ತೆ ಹಿಡಿದು ಹಾವೇರಿ, ರಾಣೇಬೆನ್ನೂರು ದಾಟಿದರೆ ಕುಮಾರಪಟ್ಟಣದ ಬಳಿ ತುಂಗಭದ್ರೆಯ ಸೇತುವೆ ಬರುತ್ತದೆ. ಆಚೆ ಹರಿಹರ. ಎರಡೂ ಕಡೆ ಅದೇ ಗೋವಿನಜೋಳ, ಅದೇ ರೊಟ್ಟಿ, ಅದೇ ಕೈಸಾಲ. ಆದರೆ ಸರ್ಕಾರದ ನಕ್ಷೆಯಲ್ಲಿ ಈಚೆಯದು ಬೆಳಗಾವಿ ವಿಭಾಗ, ಆಚೆಯದು ಬೆಂಗಳೂರು ವಿಭಾಗ. ಬಡವರ ಹೃದಯಕ್ಕೆ ಎರಡು ವರ್ಷ ಈ ಗೆರೆಯೇ ದೊಡ್ಡ ಮಾತಾಗಿತ್ತು.

ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ಆಮೇಲೆ ಧಾರವಾಡವೂ ಸೇರಿದ ಬೆಳಗಾವಿ ವಿಭಾಗಕ್ಕೆ ಬಂತು. ಬಿಪಿಎಲ್ ಕಾರ್ಡಿದ್ದರೆ ಸಾಕು, ಕಂತು ಕಟ್ಟಬೇಕಿರಲಿಲ್ಲ. ಹೃದಯದ ಆಪರೇಷನ್, ಕ್ಯಾನ್ಸರಿನಂಥ ದೊಡ್ಡ ಖರ್ಚಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ. ದಕ್ಷಿಣದ ಜಿಲ್ಲೆಗಳು ಇದಕ್ಕಾಗಿ 2012ರವರೆಗೆ ಕಾಯಬೇಕಾಯಿತು.

ಇಷ್ಟು ಲಕ್ಷ ಫಲಾನುಭವಿಗಳು ಎಂದು ಹೇಳಿ ಇಲಾಖೆಯ ವರದಿ ನಿಂತುಬಿಡುತ್ತದೆ. ಯೋಜನೆ ಬಾರದಿದ್ದರೆ ಅವರಲ್ಲಿ ಎಷ್ಟು ಜನ ಸಾಯುತ್ತಿದ್ದರು? ಉತ್ತರ ಫಲಾನುಭವಿಗಳ ಪಟ್ಟಿಯಲ್ಲಿ ಸಿಗದು. ಯೋಜನೆ ತಲುಪದವರ ಮನೆಗೆ ಹೋಗಿ ಕೇಳಬೇಕು. ನೀರಜ್ ಸೂದ್, ಎರನ್ ಬೆಂಡವಿಡ್, ಬೆಂಗಳೂರು ಐಐಎಂನ ಅರ್ಣಬ್ ಮುಖರ್ಜಿ ಮತ್ತಿತರ ಸಂಶೋಧಕರು ಮಾಡಿದ್ದು ಅದನ್ನೇ. ಗಡಿಯ ಉತ್ತರಕ್ಕೆ 300 ಹಳ್ಳಿ, ದಕ್ಷಿಣಕ್ಕೆ ಅವನ್ನೇ ಹೋಲುವ 272 ಹಳ್ಳಿ, ಒಟ್ಟು ಸುಮಾರು 60 ಸಾವಿರ ಮನೆ.

ಹಳ್ಳಿಯಲ್ಲಿ ತೀರಿಕೊಂಡವರಿಗೆ ಸಾವಿನ ಕಾರಣ ಬರೆದ ವೈದ್ಯರ ಚೀಟಿ ಇರುವುದು ಅಪರೂಪ. ಹಾಗಾಗಿ ಇಂಥ ಅಧ್ಯಯನಗಳಲ್ಲಿ ಮನೆಯವರನ್ನೇ ಕೇಳುತ್ತಾರೆ. ಎದಿನೋವು ಇತ್ತೇನ್ರೀ? ಕಾಲು ಬಾತಿದ್ವೇನ್ರೀ? ಮಲಗಿದ್ರ ಉಸಿರು ಕಟ್ಟತಿತ್ತೇನ್ರೀ? ಎಷ್ಟ್ ದಿನಾ ಹಾಸಗಿ ಹಿಡಿದಿದ್ರು? ಉತ್ತರಗಳನ್ನು ಜೋಡಿಸಿ ಕಾರಣ ಗುರುತಿಸುವ ಈ ಕ್ರಮಕ್ಕೆ ಮೌಖಿಕ ಶವಪರೀಕ್ಷೆ ಎಂದು ಹೆಸರು. ಹೃದಯಾಘಾತವನ್ನು ಗ್ಯಾಸ್ ಎಂದು ಹೇಳಿದವರೂ ಇರುತ್ತಾರೆ. ಆದರೆ ಆ ತಪ್ಪು ಎರಡೂ ದಂಡೆಯಲ್ಲಿ ಒಂದೇ ಪ್ರಮಾಣದಲ್ಲಿ ಆದರೆ ಹೋಲಿಕೆ ಕೆಡುವುದಿಲ್ಲ.

2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಸತ್ತವರ ಪ್ರಮಾಣ ದಕ್ಷಿಣದ ಬಡವರಲ್ಲಿ ಶೇ. 0.90, ಉತ್ತರದ ಬಡವರಲ್ಲಿ ಶೇ. 0.32. ಇಷ್ಟು ದೊಡ್ಡ ಅಂತರ ಕಂಡರೆ ಅನುಮಾನ ಪಡುವುದೇ ಸರಿ. ಉತ್ತರದಲ್ಲಿ ಆಸ್ಪತ್ರೆಗಳೇ ಚೆನ್ನಾಗಿದ್ದವೋ ಏನೋ? ಹಾಗಿದ್ದರೆ ಬಡತನ ರೇಖೆಗಿಂತ ಮೇಲಿನವರಲ್ಲೂ ಸಾವು ತಗ್ಗಿರಬೇಕಿತ್ತು. ಅವರಿಗೆ ಯೋಜನೆ ಇರಲಿಲ್ಲ. ಅವರಲ್ಲಿ ಉತ್ತರಕ್ಕೆ ಶೇ. 0.56, ದಕ್ಷಿಣಕ್ಕೆ ಶೇ. 0.55. ವ್ಯತ್ಯಾಸವೇ ಇಲ್ಲ! ಇಡೀ ಅಧ್ಯಯನದಲ್ಲಿ ನನ್ನನ್ನು ಒಪ್ಪಿಸುವುದು ಈ ಜೋಡಿ ಅಂಕಿ.

ಆದರೆ ನಮ್ಮ ರಾಜ್ಯದ್ದೇ ಇನ್ನೊಂದು ದೊಡ್ಡ ಅಧ್ಯಯನ ಬೇರೆ ಮಾತು ಹೇಳಿತು. ಕಲಬುರಗಿ, ಮೈಸೂರು ಕಡೆಯ 435 ಹಳ್ಳಿಗಳಲ್ಲಿ, ಬಡತನ ರೇಖೆಗಿಂತ ತುಸು ಮೇಲಿದ್ದ ಸುಮಾರು 11 ಸಾವಿರ ಕುಟುಂಬಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವಕ್ಕೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಆಸ್ಪತ್ರೆ ವಿಮೆ ಕೊಟ್ಟರು. ವರ್ಷಗಳ ಮೇಲೂ ಬಹುತೇಕ ಆರೋಗ್ಯ ಅಳತೆಗಳಲ್ಲಿ ಸ್ಪಷ್ಟ ಸುಧಾರಣೆ ಕಾಣಲಿಲ್ಲ. ಕಾರ್ಡು ಹಿಡಿದು ಹೋಗಿಯೂ ಬಳಸಲಾಗದೆ ಮರಳಿದವರು ಅನೇಕರು. ಇವೆರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಒಂದು ಜೀವ ತೆಗೆಯುವ ಕಾಯಿಲೆಗೆ ಹಣ ಕೊಟ್ಟು ಸಾವನ್ನೇ ಎಣಿಸಿತು. ಇನ್ನೊಂದು 30 ಸಾವಿರ ರೂಪಾಯಿಯ ವಿಮೆಯಿಂದ ಒಟ್ಟಾರೆ ಆರೋಗ್ಯ ಬದಲಾಯಿತೇ ಎಂದು ನೋಡಿತು.

ಈಗ ಗೃಹಲಕ್ಷ್ಮಿಯ ಸರದಿ. 2023ರ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ರಾಜ್ಯದ ತುಂಬ ಒಮ್ಮೆಗೇ ಶುರುವಾಯಿತು. ಹೋಲಿಸಿ ನೋಡಲು ರಾಜ್ಯದೊಳಗೆ ಆಚೆ ದಂಡೆಯೇ ಉಳಿಯಲಿಲ್ಲ. ಉಳಿದದ್ದು ನಿಪ್ಪಾಣಿಯಾಚೆಯ ಕಾಗಲ್, ಕೊಲ್ಹಾಪುರ. ಮಹಾರಾಷ್ಟ್ರವೂ 2024ರಲ್ಲಿ 1500 ರೂಪಾಯಿಯ ಲಾಡಕಿ ಬಹಿಣ್ ಯೋಜನೆ ತಂದಿತು. ನಡುವೆ ಸಿಕ್ಕಿದ್ದು ಒಂದು ವರ್ಷಕ್ಕೂ ಕಡಿಮೆ ಅವಧಿ. ಆ ತಿಂಗಳುಗಳಲ್ಲಿ ಗಡಿಯ ಎರಡೂ ಕಡೆ ಅಂಗನವಾಡಿಗಳು ಮಕ್ಕಳ ತೂಕ, ಎತ್ತರವನ್ನು ಪೋಷಣ್ ಟ್ರ್ಯಾಕರಿನಲ್ಲಿ ದಾಖಲಿಸುತ್ತಲೇ ಇದ್ದವು. ಹೆಸರು, ವಿಳಾಸ ತೆಗೆದು ಆ ದಾಖಲೆಯನ್ನು ಧಾರವಾಡದ ಸಂಶೋಧಕರ ಕೈಗೆ ಕೊಟ್ಟರೆ, ಯಜಮಾನಿಯ ಕೈಗೆ ಬಂದ ಹಣ ಮಕ್ಕಳ ಮೈಗೆ ಹತ್ತಿತೇ ಎಂಬ ಲೆಕ್ಕ ಈಗಲೂ ಹಾಕಬಹುದು.